ಲಿಂಕ್ ಲೆಕ್ಕ ಕೈಯಲ್ಲೇ ಮಾಡಿ ನೋಡಿ: ಗೂಗಲ್‌ನಲ್ಲಿ ಯಾರು ಮೇಲೆ ಬರುತ್ತಾರೆ, ಮೋಸ ಎಲ್ಲಿ ನುಸುಳುತ್ತದೆ

ಸಾಗರದಲ್ಲಿರುವ ನಮ್ಮ ಅತ್ತಿಗೆ ಮನೆಯಲ್ಲೇ ಸಾರಿನ ಪುಡಿ, ಚಟ್ನಿ ಪುಡಿ ಮಾಡಿ ಮಾರುತ್ತಾರೆ. ಅದಕ್ಕೊಂದು ವೆಬ್‌ಸೈಟ್ ಮಾಡಿಸಿದರು. ಕೆಲವು ದಿನ ಕಳೆದ ಮೇಲೆ ಯಾರೋ ಫೋನ್ ಮಾಡಿ, "ಮೇಡಂ, ಎಂಟು ಸಾವಿರ ಕೊಡಿ, ಬೇರೆ ಸೈಟ್‌ಗಳಿಂದ ನಿಮ್ಮ ಸೈಟ್‌ಗೆ ಐನೂರು ಲಿಂಕ್ ಹಾಕಿಸಿಕೊಡ್ತೀವಿ, ಗೂಗಲ್‌ನಲ್ಲಿ ಮೊದಲ ಪುಟಕ್ಕೆ ಬರ್ತೀರಿ" ಅಂದರು. ಕೊಟ್ಟರು. ಒಂದೂವರೆ ತಿಂಗಳು ಸೈಟ್ ನಿಜವಾಗಿಯೂ ಮೇಲೆ ಬಂತು. ಆಮೇಲೆ ಎಷ್ಟು ಕೆಳಗೆ ಹೋಯಿತೆಂದರೆ ಸೈಟ್ ಹೆಸರನ್ನೇ ಟೈಪ್ ಮಾಡಿದರೂ ಸಿಗಲಿಲ್ಲ. ದುಡ್ಡು ತೆಗೆದುಕೊಂಡವರು ಫೋನ್ ಎತ್ತಲಿಲ್ಲ. "ನೀನೇ ಏನಾದ್ರೂ ನೋಡಪ್ಪ" ಎಂದು ಅತ್ತಿಗೆ ನನಗೆ ಹೇಳಿದರು. ಅದನ್ನು ಸರಿ ಮಾಡಲು ನಾಲ್ಕು ತಿಂಗಳು ಹಿಡಿಯಿತು.

ಆ ನಾಲ್ಕು ತಿಂಗಳಲ್ಲಿ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಮೊದಲು ಕಾಗದದ ಮೇಲೆ ಲೆಕ್ಕ, ಆಮೇಲೆ ನಿಮ್ಮ ಸೈಟ್‌ನ ಕೆಲಸ. ಲೆಕ್ಕ ಬೇಡ ಎಂದು ಹಾರಿಸಬೇಡಿ. ಕೂಡುವುದು, ಗುಣಿಸುವುದು ಬಂದರೆ ಸಾಕು. ಅದನ್ನು ಒಮ್ಮೆ ಕೈಯಾರೆ ಮಾಡಿದರೆ ಫೋನ್ ಮಾಡುವವರ ಯಾವ ಮಾತಿಗೂ ನೀವು ಬೀಳುವುದಿಲ್ಲ.

ಶುರು ಮಾಡುವ ಮುಂಚೆ: ಲಿಂಕ್ ಯಾಕೆ ಬೇಕಾಯಿತು

1990ರ ದಶಕದ ಸರ್ಚ್ ಎಂಜಿನ್‌ಗಳು ಹೆಚ್ಚಾಗಿ ಪುಟದ ಒಳಗಿನ ಪದಗಳನ್ನೇ ನಂಬುತ್ತಿದ್ದವು. ಹಾಗಾಗಿ ಜನ ಒಂದೇ ಪದವನ್ನು ನೂರು ಸಲ ಬರೆದರು. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಬರೆದು ಓದುಗರ ಕಣ್ಣಿಗೆ ಕಾಣದ ಹಾಗೂ ಮಾಡಿದರು. ನನ್ನ ಪುಟದಲ್ಲಿ ನನ್ನ ಬಗ್ಗೆ ನಾನು ಏನು ಬೇಕಾದರೂ ಹೇಳಿಕೊಳ್ಳಬಹುದು, ಅಲ್ವಾ?

ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ 1996ರ ಹೊತ್ತಿಗೆ ಬೇರೆ ದಾರಿ ಹಿಡಿದರು. ಸಂಶೋಧನಾ ಲೇಖನಗಳಲ್ಲಿ ಒಬ್ಬರು ಇನ್ನೊಬ್ಬರ ಕೆಲಸವನ್ನು ಉಲ್ಲೇಖಿಸುತ್ತಾರೆ. ಜಾಸ್ತಿ ಉಲ್ಲೇಖ ಸಿಕ್ಕ ಲೇಖನಕ್ಕೆ ಬೆಲೆ ಜಾಸ್ತಿ. ವೆಬ್‌ನಲ್ಲಿ ಆ ಉಲ್ಲೇಖದ ಕೆಲಸವನ್ನು ಲಿಂಕ್ ಮಾಡುತ್ತದೆ. ನಮ್ಮ ಕಡೆ ಸಂಬಂಧ ಬೆಳೆಸುವ ಮುಂಚೆ ಊರಲ್ಲಿ ವಿಚಾರಿಸುತ್ತಾರಲ್ಲ, ಅದೇ ಥರ. ಹುಡುಗ ತನ್ನ ಬಗ್ಗೆ ಏನು ಹೇಳಿಕೊಂಡ ಎನ್ನುವುದಕ್ಕಿಂತ ನಾಲ್ಕು ಜನ ಏನು ಹೇಳುತ್ತಾರೆ ಎನ್ನುವುದು ಮುಖ್ಯ. ಹೇಳುವವರು ಯಾರು ಎನ್ನುವುದು ಇನ್ನೂ ಮುಖ್ಯ. ಎಲ್ಲರನ್ನೂ ಹೊಗಳುವವರ ಮಾತಿಗೆ ತೂಕ ಕಡಿಮೆ. ಈ ಮೂರನ್ನೂ ಗಣಿತಕ್ಕೆ ಇಳಿಸಿದ್ದೇ ಪೇಜ್‌ರ‍್ಯಾಂಕ್. ಈಗ ಗೂಗಲ್ ಬೇರೆ ಎಷ್ಟೋ ವಿಷಯಗಳನ್ನು ಸೇರಿಸಿ ತೂಗುತ್ತದೆ. ಆದರೂ ತನ್ನ ಮುಖ್ಯ ವ್ಯವಸ್ಥೆಯಲ್ಲಿ ಪೇಜ್‌ರ‍್ಯಾಂಕ್ ಇಂದಿಗೂ ಒಂದು ಭಾಗ ಎಂದು ಅದೇ ಹೇಳುತ್ತದೆ.

ಹಂತ 1: ನಾಲ್ಕು ಸೈಟ್ ಬರೆದುಕೊಳ್ಳಿ

ಕಾಗದದ ಮೇಲೆ ನಾಲ್ಕು ವೃತ್ತ ಹಾಕಿ. ಹೆಸರು: ಸುದ್ದಿ, ತೋಟ, ಅಡುಗೆ, ಅಂಗಡಿ. ಈಗ ಬಾಣ ಎಳೆಯಿರಿ. ಸುದ್ದಿಯಿಂದ ತೋಟಕ್ಕೆ ಮತ್ತು ಅಡುಗೆಗೆ. ತೋಟದಿಂದ ಸುದ್ದಿಗೆ. ಅಡುಗೆಯಿಂದ ಸುದ್ದಿಗೆ ಮತ್ತು ತೋಟಕ್ಕೆ. ಅಂಗಡಿಯಿಂದ ಸುದ್ದಿಗೆ. ಅಂಗಡಿಯ ಕಡೆಗೆ ಒಂದು ಬಾಣವೂ ಇಲ್ಲ, ನಮ್ಮ ಅತ್ತಿಗೆಯ ಸೈಟ್ ಶುರುವಿನಲ್ಲಿ ಹಾಗೇ ಇತ್ತು.

ನಾಲ್ಕಕ್ಕೂ ತಲಾ 1 ಅಂಕ ಕೊಡಿ.

ಹಂತ 2: ಸುತ್ತು ಹಾಕಿ

ನಿಯಮ ಇಷ್ಟೇ. ಪ್ರತಿ ಸೈಟ್ ತನ್ನ ಅಂಕವನ್ನು ತಾನು ಕೊಡುವ ಲಿಂಕ್‌ಗಳಿಗೆ ಸಮನಾಗಿ ಹಂಚುತ್ತದೆ. ಬಂದ ಪಾಲುಗಳನ್ನು ಕೂಡಿ, 0.85ರಿಂದ ಗುಣಿಸಿ, ಅದಕ್ಕೆ 0.15 ಸೇರಿಸಿದರೆ ಆ ಸೈಟ್‌ನ ಹೊಸ ಅಂಕ.

0.85 ಎಲ್ಲಿಂದ ಬಂತು? ಒಬ್ಬ ಮನುಷ್ಯ ಲಿಂಕ್‌ನಿಂದ ಲಿಂಕ್‌ಗೆ ಹೋಗುತ್ತಾ ಇದ್ದಾನೆ ಎಂದುಕೊಳ್ಳಿ. ನೂರರಲ್ಲಿ 85 ಸಲ ಎದುರಿಗಿರುವ ಯಾವುದೋ ಲಿಂಕ್ ಒತ್ತುತ್ತಾನೆ. ಉಳಿದ 15 ಸಲ ಬೇಜಾರಾಗಿ ಎಲ್ಲಿಗೋ ಹಾರುತ್ತಾನೆ. ಪೇಜ್ ಮತ್ತು ಬ್ರಿನ್ 1998ರ ತಮ್ಮ ಲೇಖನದಲ್ಲಿ ಸಾಮಾನ್ಯವಾಗಿ ಇಟ್ಟುಕೊಂಡ ಅಂಕಿ ಇದೇ. ಎಲ್ಲಿಗೋ ಹಾರುವ ಆ ಪಾಲಿನಿಂದ ಪ್ರತಿ ಪುಟಕ್ಕೂ ಸುಮ್ನೆ 0.15 ಸಿಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮೋಸ ಹುಟ್ಟುವುದು ಇಲ್ಲೇ.

ಮೊದಲ ಸುತ್ತು: ಸುದ್ದಿಗೆ ತೋಟದಿಂದ 1, ಅಡುಗೆಯಿಂದ ಅರ್ಧ, ಅಂಗಡಿಯಿಂದ 1, ಒಟ್ಟು 2.5. ಅದನ್ನು 0.85ರಿಂದ ಗುಣಿಸಿ 0.15 ಸೇರಿಸಿದರೆ 2.28. ತೋಟಕ್ಕೆ ಎರಡು ಅರ್ಧಗಳು ಸೇರಿ 1.00. ಅಡುಗೆಗೆ 0.58. ಅಂಗಡಿಗೆ ಯಾರೂ ಏನೂ ಕೊಡಲಿಲ್ಲ, ಅದಕ್ಕೆ ಬರೀ 0.15.

ಈಗ ಈ ಹೊಸ ಅಂಕಗಳನ್ನು ಹಿಡಿದು ಮತ್ತೆ ಅದೇ ಲೆಕ್ಕ. ಎರಡನೇ ಸುತ್ತಿನಲ್ಲಿ ಸುದ್ದಿ 1.37ಕ್ಕೆ ಇಳಿಯುತ್ತದೆ. ಅಂಗಡಿ ಬಡವಾದ ಮೇಲೆ ಅದರ ಶಿಫಾರಸಿನ ತೂಕವೂ ಇಳಿಯಿತಲ್ಲ, ಅದೂ ಇದಕ್ಕೆ ಒಂದು ಕಾರಣ. ಹೀಗೆ ಹತ್ತು ಸುತ್ತು ಹಾಕಿದರೆ ಅಂಕಿಗಳು ಅಲುಗಾಡುವುದು ಹೆಚ್ಚುಕಡಿಮೆ ನಿಲ್ಲುತ್ತದೆ. ಸುದ್ದಿ 1.72, ತೋಟ 1.25, ಅಡುಗೆ 0.88, ಅಂಗಡಿ 0.15. ಕೂಡಿದರೆ 4, ಶುರುವಿನಲ್ಲಿ ಇದ್ದಷ್ಟೇ.

ತೋಟಕ್ಕೂ ಅಡುಗೆಗೂ ಇರುವ ವ್ಯತ್ಯಾಸ ಒಂದೇ ಒಂದು ಬಾಣ. ಅಡುಗೆ ಸೈಟ್ ತೋಟಕ್ಕೆ ಕೊಟ್ಟ ಆ ಲಿಂಕ್ ಅದನ್ನು ಅಷ್ಟು ಮೇಲೆ ಎತ್ತಿತು.

ಹಂತ 3: ಈಗ ಕಾಗದದ ಮೇಲೆ ಮೋಸ ಮಾಡಿ

ಅಂಗಡಿಯವರು ಇಪ್ಪತ್ತು ಬೇನಾಮಿ ಪುಟ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ಅವುಗಳಲ್ಲಿ ಏನೂ ಇಲ್ಲ, ಎಲ್ಲವೂ ಅಂಗಡಿಗೆ ಲಿಂಕ್ ಕೊಡುತ್ತವೆ, ಅಷ್ಟೇ. ಆ ಪುಟಗಳನ್ನು ಯಾರೂ ಓದುವುದಿಲ್ಲ, ಯಾರೂ ಅವುಗಳಿಗೆ ಲಿಂಕ್ ಕೊಡುವುದಿಲ್ಲ. ಆದರೂ ಪ್ರತಿಯೊಂದಕ್ಕೂ 0.15 ಸಿಗುತ್ತದೆ. ಇಪ್ಪತ್ತಕ್ಕೆ 3. ಅದರ 0.85 ಭಾಗ 2.55. ಅಂಗಡಿಯ ಅಂಕ 0.15ರಿಂದ 2.70ಕ್ಕೆ ಹಾರಿತು.

ಆದರೆ ಅಂಗಡಿ ಸುದ್ದಿಗೆ ಕೊಟ್ಟ ಲಿಂಕ್ ಇನ್ನೂ ಇದೆ. ಹಾಗಾಗಿ ಆ ಅಂಕವೆಲ್ಲ ಅಲ್ಲಿಗೆ ಹರಿದು ಸುದ್ದಿ 8.83ಕ್ಕೆ ಏರುತ್ತದೆ. ಮೋಸ ಮಾಡುವವರು ಇದನ್ನು ನೋಡಿ ಸುಮ್ಮನಿರುತ್ತಾರಾ? ಸುದ್ದಿಯ ಲಿಂಕ್ ಕಿತ್ತುಹಾಕುತ್ತಾರೆ. ಅದರ ಬದಲು ಅಂಗಡಿಯಿಂದ ಆ ಇಪ್ಪತ್ತು ಬೇನಾಮಿ ಪುಟಗಳಿಗೇ ಲಿಂಕ್ ಕೊಡುತ್ತಾರೆ. ಈಗ ನೀರು ಹೊರಗೆ ಹರಿಯುವುದಿಲ್ಲ, ಒಳಗೇ ಸುತ್ತುತ್ತದೆ. ಲೆಕ್ಕ ಹಾಕಿ: ಅಂಗಡಿ 9.73. ಅಂಗಡಿಯ ಲಿಂಕ್ ಕಳೆದುಕೊಂಡ ಸುದ್ದಿ 1.30ಕ್ಕೆ ಇಳಿಯಿತು.

ಇದೇ ಲಿಂಕ್ ಫಾರ್ಮ್. ಕಷ್ಟಪಟ್ಟು ಸುದ್ದಿ ಬರೆದವರು ಕೆಳಗೆ, ಏನೂ ಬರೆಯದವರು ಏಳು ಪಟ್ಟು ಮೇಲೆ. ಈ ಲೆಕ್ಕ ಮೊದಲ ಸಲ ಮಾಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ವಿಷಯ ಗಮನಿಸಿ. ಇಪ್ಪತ್ತು ಬೇನಾಮಿ ಪುಟ ಗೆದ್ದದ್ದು ಯಾಕೆಂದರೆ ನಮ್ಮ ಪುಟ್ಟ ವೆಬ್‌ನಲ್ಲಿ ನಿಜವಾದ ಸೈಟ್ ಮೂರೇ ಇದ್ದವು. ಸಾವಿರಾರು ನಿಜವಾದ ಸೈಟ್‌ಗಳು ಸುದ್ದಿಗೆ ಲಿಂಕ್ ಕೊಟ್ಟಿದ್ದರೆ ಇಪ್ಪತ್ತು ಬೇನಾಮಿಗಳಿಂದ ಏನೂ ಆಗುತ್ತಿರಲಿಲ್ಲ. ಹಾಗಾಗಿ ಲಿಂಕ್‌ಗಳು ಕಡಿಮೆ ಇರುವ ಭಾಷೆಯಲ್ಲಿ ಮೋಸ ಅಗ್ಗ. ಕನ್ನಡದಲ್ಲಿ ಬರೆಯುವ ನಾವು ಇದರ ಬಗ್ಗೆ ಯೋಚಿಸಲೇಬೇಕು. ಕೊನೆಯಲ್ಲಿ ಮತ್ತೆ ಇಲ್ಲಿಗೆ ಬರುತ್ತೇನೆ.

ಹಂತ 4: ತಡೆಯುವ ಲೆಕ್ಕವನ್ನೂ ಮಾಡಿ

ಎಲ್ಲರಿಗೂ ಸುಮ್ನೆ ಸಿಗುವ ಆ 0.15 ನಿಲ್ಲಿಸಿದರೆ? 2004ರಲ್ಲಿ ಸ್ಟ್ಯಾನ್‌ಫರ್ಡ್‌ನ ಗ್ಯೋಂಗ್ಯಿ ಮತ್ತು ಗಾರ್ಸಿಯಾ ಮೊಲಿನಾ, ಯಾಹೂನ ಪೆಡರ್ಸನ್ ಸೇರಿ ಟ್ರಸ್ಟ್‌ರ‍್ಯಾಂಕ್ ಎನ್ನುವ ವಿಧಾನ ಬರೆದರು. ಮನುಷ್ಯರೇ ಕೂತು ಇನ್ನೂರಕ್ಕೂ ಕಡಿಮೆ ಒಳ್ಳೆಯ ಸೈಟ್‌ಗಳನ್ನು ಆರಿಸುತ್ತಾರೆ. ಪುಕ್ಕಟೆ ಅಂಕ ಅವುಗಳಿಗೆ ಮಾತ್ರ. ಉಳಿದವರಿಗೆ ಆ ನಂಬಿಕೆ ಲಿಂಕ್ ಮೂಲಕ ಹರಿದು ಬರಬೇಕು.

ನಿಮ್ಮ ಕಾಗದದಲ್ಲಿ ಸುದ್ದಿಯೊಂದನ್ನೇ ನಂಬಿಕಸ್ಥ ಎಂದು ಗುರುತು ಮಾಡಿ ಮತ್ತೆ ಲೆಕ್ಕ ಹಾಕಿ. ತೋಟಕ್ಕೂ ಅಡುಗೆಗೂ ಪಾಲು ಸಿಗುತ್ತದೆ. ಇಪ್ಪತ್ತು ಬೇನಾಮಿಗಳಿಗೆ ಸೊನ್ನೆ, ಅಂಗಡಿಗೂ ಸೊನ್ನೆ. ಇಪ್ಪತ್ತು ಸಾವಿರ ಪುಟ ಮಾಡಿದರೂ ಸೊನ್ನೆಯೇ. ಹಾಗಾದರೆ ಮೋಸ ನಿಂತಿತಾ? ಇಲ್ಲ. ಸುಳ್ಳು ಪುಟ ಮಾಡುವ ಬದಲು ನಂಬಿಕಸ್ಥ ಸೈಟ್‌ನಿಂದಲೇ ಲಿಂಕ್ ಕೊಳ್ಳುವುದು ಶುರುವಾಯಿತು.

ಹಂತ 5: ಲಿಂಕ್ ಮಾರುವ ಸಂತೆಯನ್ನು ಗುರುತಿಸಲು ಕಲಿಯಿರಿ

ದುಡ್ಡು ಖರ್ಚಾಗುವುದರಿಂದ ಲಿಂಕ್ ಕೊಳ್ಳುವ ಹಾವಳಿ ಹತೋಟಿಯಲ್ಲೇ ಇರುತ್ತದೆ ಎಂದು ಪೇಜ್ ಮತ್ತು ಜೊತೆಗಾರರು 1998ರಲ್ಲಿ ಅಂದುಕೊಂಡಿದ್ದರು. ಆದರೆ ಮೇಲೆ ಬಂದರೆ ಅದಕ್ಕಿಂತ ಜಾಸ್ತಿ ದುಡ್ಡು ಸಿಗುವುದಾದರೆ ಖರ್ಚು ಮಾಡಲು ಜನ ಯಾಕೆ ಹಿಂಜರಿಯುತ್ತಾರೆ?

ಗೂಗಲ್ 2000ದಲ್ಲಿ ಬ್ರೌಸರ್‌ಗೆ ಒಂದು ಟೂಲ್‌ಬಾರ್ ಕೊಟ್ಟಿತು. ಅದರಲ್ಲಿ ಒಂದು ಹಸಿರು ಪಟ್ಟಿ, ಪ್ರತಿ ಪುಟಕ್ಕೆ ಹತ್ತಕ್ಕೆ ಎಷ್ಟು ಅಂಕ ಎಂದು ತೋರಿಸುತ್ತಿತ್ತು. ಆ ಅಂಕಿ ಎಲ್ಲರ ಕಣ್ಣಿಗೆ ಬಿದ್ದದ್ದೇ ತಡ, ಅದು ಲಿಂಕ್‌ನ ದರಪಟ್ಟಿಯಾಯಿತು. ಅಮೆರಿಕದ ಓಕ್ಲಹೋಮದ ಸರ್ಚ್‌ಕಿಂಗ್ ಎಂಬ ಕಂಪನಿ 2002ರಲ್ಲಿ ಜಾಸ್ತಿ ಅಂಕದ ಸೈಟ್‌ಗಳಲ್ಲಿ ಲಿಂಕ್ ಮಾರುವ ಜಾಲವನ್ನೇ ತೆರೆಯಿತು. ಗೂಗಲ್ ಅದರ ಅಂಕ ಇಳಿಸಿತು. ಕಂಪನಿ ಕೋರ್ಟಿಗೆ ಹೋಯಿತು. ಯಾವ ಪುಟಕ್ಕೆ ಎಷ್ಟು ಬೆಲೆ ಎನ್ನುವುದು ಗೂಗಲ್‌ನ ಅಭಿಪ್ರಾಯ, ಅದಕ್ಕೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಇದೆ ಎಂದು ಕೋರ್ಟ್ 2003ರಲ್ಲಿ ಮೊಕದ್ದಮೆ ವಜಾ ಮಾಡಿತು. ಆ ಹಸಿರು ಪಟ್ಟಿ 2016ರಲ್ಲಿ ಪೂರ್ತಿ ಹೋಯಿತು.

ಈಗ ನಿಮಗೆ ಫೋನ್ ಮಾಡುವವರು "ಡಿಎ 50 ಸೈಟ್‌ನಿಂದ ಲಿಂಕ್" ಅನ್ನುತ್ತಾರಲ್ಲ, ಡಿಎ ಎಂದರೆ ಡೊಮೇನ್ ಅಥಾರಿಟಿ. ಅದು ಮಾಝ್ ಎಂಬ ಖಾಸಗಿ ಕಂಪನಿಯ ಅಂಕ. ಡಿಆರ್, ಅಂದರೆ ಡೊಮೇನ್ ರೇಟಿಂಗ್, ಏಚ್‌ರೆಫ್ಸ್ ಎಂಬ ಇನ್ನೊಂದು ಕಂಪನಿಯದು. ಎರಡೂ ಗೂಗಲ್‌ನದಲ್ಲ. ಆ ಅಂಕಿ ನೋಡಿ ದುಡ್ಡು ಕೊಡಬೇಡಿ.

ದೊಡ್ಡವರೂ ಸಿಕ್ಕಿಬಿದ್ದಿದ್ದಾರೆ. ಅಮೆರಿಕದ ಬಟ್ಟೆಬರೆ, ಮನೆಸಾಮಾನಿನ ದೊಡ್ಡ ಅಂಗಡಿ ಜೆಸಿ ಪೆನ್ನಿ 2010ರ ಕೊನೆಯಲ್ಲಿ ಡ್ರೆಸ್, ಹಾಸಿಗೆ ಬಟ್ಟೆ, ಕಾರ್ಪೆಟ್, ಏನು ಹುಡುಕಿದರೂ ಮೊದಲು ಬರುತ್ತಿತ್ತು. ಸ್ಯಾಮ್ಸನೈಟ್ ಸೂಟ್‌ಕೇಸ್ ಎಂದು ಹುಡುಕಿದರೆ ಸ್ಯಾಮ್ಸನೈಟ್ ಕಂಪನಿಗಿಂತ ಇವರೇ ಮೇಲೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಒಬ್ಬ ತಜ್ಞರಿಂದ ತಪಾಸಣೆ ಮಾಡಿಸಿತು. ಡ್ರೆಸ್ ಮುಂತಾದ ಪದಗಳ ಮೇಲೆ ಜೆಸಿ ಪೆನ್ನಿಗೆ ಲಿಂಕ್ ಕೊಟ್ಟಿದ್ದ 2,015 ಪುಟ ಸಿಕ್ಕವು. ಅಣು ಎಂಜಿನಿಯರಿಂಗ್ ಹೆಸರಿನ ಸೈಟ್‌ನಲ್ಲೂ ಬಟ್ಟೆಯ ಲಿಂಕ್, ಜೂಜಿನ ಸೈಟ್‌ನಲ್ಲೂ ಬಟ್ಟೆಯ ಲಿಂಕ್. 2011ರ ಫೆಬ್ರವರಿಯಲ್ಲಿ ಗೂಗಲ್ ಕ್ರಮ ತೆಗೆದುಕೊಂಡಿತು. ಸಂಜೆ ಏಳಕ್ಕೆ 1ನೇ ಸ್ಥಾನದಲ್ಲಿದ್ದದ್ದು ಎರಡು ಗಂಟೆಯಲ್ಲಿ 71ನೇ ಸ್ಥಾನಕ್ಕೆ ಬಿತ್ತು. ತಮಗೆ ಗೊತ್ತಿಲ್ಲದೆ ಆದದ್ದು ಎಂದು ಅಂಗಡಿ ಹೇಳಿತು, ಈ ಕೆಲಸ ನೋಡುತ್ತಿದ್ದ ಸಂಸ್ಥೆಯನ್ನು ಬಿಡಿಸಿತು.

ದುಡ್ಡಿಲ್ಲದೆಯೂ ಇದು ನಡೆಯುತ್ತದೆ. ಹಾಡಿನ ಸಾಲುಗಳ ಸೈಟ್ ರ‍್ಯಾಪ್ ಜೀನಿಯಸ್ 2013ರ ಡಿಸೆಂಬರ್‌ನಲ್ಲಿ, ನಮಗೆ ಲಿಂಕ್ ಕೊಡಿ, ನಿಮ್ಮ ಬರಹವನ್ನು ನಾವು ಟ್ವೀಟ್ ಮಾಡುತ್ತೇವೆ ಎಂದು ಬರಹಗಾರರಿಗೆ ಆಸೆ ತೋರಿಸಿತು. ಗೂಗಲ್ ಕೆಳಗಿಳಿಸಿತು. ಲಿಂಕ್‌ಗಳನ್ನು ಕೀಳಿಸಿ ಮತ್ತೆ ಬರಲು ಸುಮಾರು ಹತ್ತು ದಿನ ಬೇಕಾಯಿತು. 2012ರಲ್ಲಿ ಗೂಗಲ್ ತನ್ನದೇ ಕ್ರೋಮ್ ಪುಟವನ್ನೂ ಇದೇ ಥರದ ಪ್ರಚಾರ ಬರಹಗಳ ಕಾರಣಕ್ಕೆ ಕೆಳಗಿಳಿಸಿತ್ತು.

ಲಿಂಕ್‌ನ ಪದಗಳನ್ನೂ ಮರೆಯಬೇಡಿ. ಯಾವ ಪದದ ಮೇಲೆ ಲಿಂಕ್ ಇದೆಯೋ ಆ ಪದ ಆ ಪುಟದ ಬಗ್ಗೆ ಎಂದು ಸರ್ಚ್ ಎಂಜಿನ್ ತಿಳಿಯುತ್ತದೆ. 2003ರಲ್ಲಿ ಜನ ಸೇರಿಕೊಂಡು "ದಯನೀಯ ಸೋಲು" ಎಂಬ ಅರ್ಥದ ಇಂಗ್ಲಿಷ್ ಪದಗಳ ಮೇಲೆ ಅಧ್ಯಕ್ಷ ಜಾರ್ಜ್ ಬುಷ್ ಅವರ ಪರಿಚಯ ಪುಟಕ್ಕೆ ಲಿಂಕ್ ಕೊಟ್ಟರು. ಆ ಪದಗಳನ್ನು ಹುಡುಕಿದರೆ ಅದೇ ಪುಟ ಮೊದಲು ಬರತೊಡಗಿತು. ಗೂಗಲ್ ಇದಕ್ಕೆ ಮದ್ದು ಕಂಡುಕೊಂಡದ್ದು 2007ರ ಜನವರಿಯಲ್ಲಿ.

2012ರ ಏಪ್ರಿಲ್ 24ರಂದು ಪೆಂಗ್ವಿನ್ ಎಂಬ ಬದಲಾವಣೆ ಬಂತು, ಇಂಥ ಲಿಂಕ್ ಆಟ ಆಡಿದ ಸೈಟ್‌ಗಳು ತಾವಾಗಿಯೇ ಕೆಳಗೆ ಬೀಳತೊಡಗಿದವು. 2016ರಿಂದ ಅದು ಗೂಗಲ್‌ನ ಮುಖ್ಯ ಲೆಕ್ಕದಲ್ಲೇ ಸೇರಿದೆ. ಈಗ ಕೆಟ್ಟ ಲಿಂಕ್ ಸಿಕ್ಕರೆ ಹೆಚ್ಚಾಗಿ ಶಿಕ್ಷೆ ಇಲ್ಲ, ಅದರ ತೂಕವನ್ನು ಸೊನ್ನೆ ಮಾಡುತ್ತಾರೆ. ಅಂದರೆ ನಿಮ್ಮ ದುಡ್ಡು ಹೋಯಿತು, ಅಷ್ಟೇ. ಹದ್ದು ಮೀರಿದ್ದು ಗೂಗಲ್‌ನ ಮನುಷ್ಯರ ಕಣ್ಣಿಗೆ ಬಿದ್ದರೆ ಮಾತ್ರ ಅತ್ತಿಗೆಗೆ ಆದಂತೆ ಆಗುತ್ತದೆ.

ಹಂತ 6: ನಿಮ್ಮ ಸೈಟ್ ತಪಾಸಣೆ

ನಿಮ್ಮ ಸೈಟ್ ಗೂಗಲ್‌ಗೆ ಹೇಗೆ ಕಾಣುತ್ತಿದೆ ಎಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ಪುಕ್ಕಟೆ ಸಿಗುತ್ತದೆ. ಸೈಟ್ ನಿಮ್ಮದೇ ಎಂದು ಅಲ್ಲಿ ತೋರಿಸಿಕೊಡಿ. ಮೊದಲು ಮ್ಯಾನುಯಲ್ ಆ್ಯಕ್ಷನ್ಸ್ ಪುಟ ತೆರೆಯಿರಿ, ಗೂಗಲ್‌ನ ಮನುಷ್ಯರು ನೋಡಿ ಕೊಟ್ಟ ಶಿಕ್ಷೆ ಇದ್ದರೆ ಇಲ್ಲಿ ಕಾಣುತ್ತದೆ. ಹಸಿರು ಗುರುತು ಇದ್ದರೆ ಸಮಾಧಾನ. ಇಲ್ಲದಿದ್ದರೆ ಯಾವ ತಪ್ಪು ಎಂದು ಅಲ್ಲೇ ಬರೆದಿರುತ್ತದೆ.

ಆಮೇಲೆ ಲಿಂಕ್ಸ್ ಪುಟಕ್ಕೆ ಹೋಗಿ ಹೊರಗಿನ ಲಿಂಕ್‌ಗಳ ಪಟ್ಟಿಯನ್ನು ಇಳಿಸಿಕೊಳ್ಳಿ. ಅದರಲ್ಲಿ ಎಲ್ಲ ಲಿಂಕ್ ಇರುವುದಿಲ್ಲ, ಮಾದರಿ ಇರುತ್ತದೆ. ಆದರೂ ಸಾಕು. ಒಂದೊಂದೇ ಸೈಟ್ ತೆರೆದು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಗೂಗಲ್ ಇಲ್ಲದಿದ್ದರೂ ಇವರು ನನಗೆ ಲಿಂಕ್ ಕೊಡುತ್ತಿದ್ದರಾ? ಊರಿನ ಸ್ವಸಹಾಯ ಸಂಘದ ಪುಟದಲ್ಲಿ ಅತ್ತಿಗೆಯ ಹೆಸರು ಇತ್ತು, ಅದು ಸರಿ. ಯಾವುದೋ ದೇಶದ ಟೈರ್ ಅಂಗಡಿಯ ಸೈಟ್‌ನಲ್ಲಿ ಸಾರಿನ ಪುಡಿಗೆ ಯಾಕೆ ಲಿಂಕ್? ಲಿಂಕ್‌ನ ಪದಗಳ ಪಟ್ಟಿಯನ್ನೂ ನೋಡಿ. ಸಹಜವಾಗಿ ಲಿಂಕ್ ಕೊಡುವವರು ಸೈಟ್‌ನ ಹೆಸರು ಬರೆಯುತ್ತಾರೆ, ವಿಳಾಸ ಹಾಕುತ್ತಾರೆ, ಬೇರೆ ಬೇರೆ ಥರ ಬರೆಯುತ್ತಾರೆ. ಐನೂರು ಜನವೂ ಒಂದೇ ಮಾರಾಟದ ಪದ ಬರೆದಿದ್ದರೆ ಅದು ಕೊಂಡದ್ದೇ.

ಇನ್ನೊಂದು ತಪಾಸಣೆ ಬಹಳ ಜನ ಮಾಡುವುದಿಲ್ಲ. ನಿಮ್ಮ ಸೈಟ್ ಒಳಗೇ ಯಾರಾದರೂ ನುಗ್ಗಿ ಕಣ್ಣಿಗೆ ಕಾಣದ ಲಿಂಕ್ ಹಾಕಿರಬಹುದು. ಗೂಗಲ್‌ನಲ್ಲಿ ಸೈಟ್ ಎಂದು ಇಂಗ್ಲಿಷ್‌ನಲ್ಲಿ ಬರೆದು, ಕೋಲನ್ ಹಾಕಿ, ಅದಕ್ಕೆ ತಾಗಿಸಿ ನಿಮ್ಮ ವಿಳಾಸ ಬರೆದು, ಪಕ್ಕದಲ್ಲಿ ಕ್ಯಾಸಿನೊ ಅಥವಾ ಬೆಟ್ಟಿಂಗ್ ಎಂದು ಹಾಕಿ ಹುಡುಕಿ. ಏನಾದರೂ ಬಂದರೆ ಪಾಸ್‌ವರ್ಡ್ ಬದಲಾಯಿಸಿ, ಪ್ಲಗಿನ್‌ಗಳನ್ನು ಹೊಸದು ಮಾಡಿ, ಸೈಟ್ ಮಾಡಿಕೊಟ್ಟವರನ್ನು ಕರೆಸಿ. ನಂಬಿಕೆ ಇರುವ ವಿಳಾಸಗಳೇ ಕಳ್ಳರಿಗೆ ಬೇಕು, ಅದಕ್ಕೇ ಭಾರತದ ಸರ್ಕಾರಿ ಸೈಟ್‌ಗಳಲ್ಲೂ ಬೆಟ್ಟಿಂಗ್ ಪುಟಗಳು ಸಿಕ್ಕಿವೆ. ಹಾಗೆಯೇ ನಿಮ್ಮ ಸಂಘದ ಅಥವಾ ಶಾಲೆಯ ಡೊಮೇನ್ ಹೆಸರನ್ನು ವರ್ಷವರ್ಷ ನವೀಕರಿಸಿ. ಬಿಟ್ಟರೆ ಅದರ ಹಳೆಯ ಲಿಂಕ್‌ಗಳ ಆಸೆಗೇ ಯಾರೋ ಕೊಂಡು ಜೂಜಿನ ಪುಟ ಮಾಡುತ್ತಾರೆ. 2024ರ ಮಾರ್ಚ್‌ನಲ್ಲಿ ಗೂಗಲ್ ಇದನ್ನೂ ಸ್ಪ್ಯಾಮ್ ನಿಯಮಕ್ಕೆ ಸೇರಿಸಿತು.

ಹಂತ 7: ಕೊಳೆ ತೊಳೆಯುವುದು

ಮ್ಯಾನುಯಲ್ ಆ್ಯಕ್ಷನ್ ಇಲ್ಲ, ನೀವು ಲಿಂಕ್ ಕೊಂಡೂ ಇಲ್ಲ ಎಂದಾದರೆ ಈ ಹಂತ ಬಿಡಿ. ಯಾರೋ ಹೊಟ್ಟೆಕಿಚ್ಚಿಗೆ ನಿಮಗೆ ಕೆಟ್ಟ ಲಿಂಕ್ ಹಾಕಿದರೂ ಗೂಗಲ್ ಹೆಚ್ಚಾಗಿ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕೊಂಡಿದ್ದರೆ ಮೊದಲು ತೆಗೆಸಿ. ಸೈಟ್‌ನವರಿಗೆ ಇಮೇಲ್ ಬರೆಯಿರಿ, ಯಾವತ್ತು ಬರೆದಿರಿ ಎಂದು ಎಕ್ಸೆಲ್‌ನಲ್ಲಿ ಗುರುತು ಹಾಕಿಕೊಳ್ಳಿ. ನನಗೆ ಐದರಲ್ಲಿ ಒಬ್ಬರು ಉತ್ತರ ಕೊಟ್ಟರು. ಕೆಲವರು ತೆಗೆಯುವುದಕ್ಕೂ ದುಡ್ಡು ಕೇಳಿದರು, ನಾನು ಕೊಡಲಿಲ್ಲ.

ಉಳಿದವನ್ನು ಡಿಸಅವೋ ಸಾಧನದಲ್ಲಿ ಹಾಕಿ, ಈ ಲಿಂಕ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಗೂಗಲ್‌ಗೆ ಹೇಳುವ ಸಾಧನ ಅದು. 2012ರಿಂದ ಇದೆ. ಒಂದು ಸಾದಾ ಟೆಕ್ಸ್ಟ್ ಫೈಲ್, ಸಾಲಿಗೊಂದು ವಿಳಾಸ. ಇಡೀ ಸೈಟನ್ನೇ ಬಿಡಬೇಕಾದರೆ ಮುಂದೆ ಡೊಮೇನ್ ಎಂದು ಇಂಗ್ಲಿಷ್‌ನಲ್ಲಿ ಬರೆದು ಕೋಲನ್ ಹಾಕಬೇಕು. ಗರಿಷ್ಠ 1 ಲಕ್ಷ ಸಾಲು, 2 ಎಂಬಿ. ನಾನು ಎಡವಿದ್ದು ಎರಡು ಕಡೆ. ಕನ್ಸೋಲ್‌ನಲ್ಲಿ ಸೈಟನ್ನು ಡೊಮೇನ್ ಪ್ರಾಪರ್ಟಿಯಾಗಿ, ಅಂದರೆ ಬರೀ ಡೊಮೇನ್ ಹೆಸರು ಕೊಟ್ಟು, ಸೇರಿಸಿದ್ದರೆ ಈ ಸಾಧನ ಕೆಲಸ ಮಾಡುವುದಿಲ್ಲ, ಪೂರ್ತಿ ವಿಳಾಸ ಕೊಟ್ಟು ಬೇರೆಯಾಗಿ ಸೇರಿಸಬೇಕು. ಮತ್ತೆ ಹೊಸ ಫೈಲ್ ಹಾಕಿದರೆ ಹಳೆಯದು ಅಳಿಸಿಹೋಗುತ್ತದೆ, ಹಾಗಾಗಿ ಪ್ರತಿ ಸಲ ಪೂರ್ತಿ ಪಟ್ಟಿ ಹಾಕಿ. ಒಳ್ಳೆಯ ಸೈಟ್ ತಪ್ಪಿಯೂ ಇದರಲ್ಲಿ ಸೇರದಿರಲಿ.

ಆಮೇಲೆ ಮರುಪರಿಶೀಲನೆಗೆ ಮನವಿ. ಏನು ಮಾಡಿದಿರಿ, ಯಾರಿಗೆ ದುಡ್ಡು ಕೊಟ್ಟಿರಿ, ಎಷ್ಟು ಲಿಂಕ್ ತೆಗೆಸಿದಿರಿ, ಎಲ್ಲವನ್ನೂ ನೇರವಾಗಿ ಬರೆಯಿರಿ. ನನ್ನ ಮೊದಲ ಮನವಿ ತಿರಸ್ಕಾರವಾಯಿತು, ಅರ್ಧ ಲಿಂಕ್ ಹಾಗೇ ಉಳಿದಿದ್ದವು. ಎರಡನೆಯದು ಪಾಸಾಯಿತು. ಹಳೆಯ ಸ್ಥಾನಕ್ಕೇ ಮರಳುತ್ತೀರಿ ಎಂದು ಕಾಯಬೇಡಿ, ಅದರಲ್ಲಿ ಕೊಂಡ ಲಿಂಕ್‌ನ ಪಾಲೂ ಇತ್ತಲ್ಲ.

ಹಂತ 8: ನೀವು ಕೊಡುವ ಲಿಂಕ್

ಹೊರಗೆ ಕೊಡುವ ಲಿಂಕ್‌ಗೂ ಶಿಸ್ತು ಬೇಕು. ದುಡ್ಡು ಅಥವಾ ಉಡುಗೊರೆ ತೆಗೆದುಕೊಂಡು ಹಾಕಿದ ಲಿಂಕ್‌ಗೆ ಅದರ ಕೋಡ್‌ನಲ್ಲಿ ಸ್ಪಾನ್ಸರ್ಡ್ ಎಂಬ ಗುರುತು ಹಾಕಿ. ಓದುಗರು ಬರೆದ ಲಿಂಕ್‌ಗೆ ಯುಜಿಸಿ (ಬಳಕೆದಾರರು ಬರೆದದ್ದು ಎಂಬುದರ ಇಂಗ್ಲಿಷ್ ಚಿಕ್ಕ ರೂಪ). ನಿಮಗೆ ಭರವಸೆ ಇಲ್ಲದ ಪುಟಕ್ಕೆ ನೋಫಾಲೋ, ಅಂದರೆ ಈ ಲಿಂಕನ್ನು ನನ್ನ ಶಿಫಾರಸು ಎಂದು ಎಣಿಸಬೇಡಿ ಎಂಬ ಗುರುತು. ನೋಫಾಲೋ 2005ರಲ್ಲಿ ಬಂತು, ಉಳಿದೆರಡು 2019ರಲ್ಲಿ. ಕನ್ನಡ ವಿಕಿಪೀಡಿಯದಿಂದ ಹೊರಹೋಗುವ ಲಿಂಕ್‌ಗಳಿಗೂ ನೋಫಾಲೋ ಇದೆ, ಹಾಗಾಗಿ ಅಲ್ಲಿ ನಿಮ್ಮ ಅಂಗಡಿಯ ಲಿಂಕ್ ತುರುಕಿ ಆ ಲೇಖನ ಕೆಡಿಸಬೇಡಿ.

ಈಗ ಮೂರನೇ ಹಂತದಲ್ಲಿ ಬಿಟ್ಟ ಮಾತು. ಕನ್ನಡದಲ್ಲಿ ಒಳ್ಳೆಯ ಬರಹ ಸಿಕ್ಕರೆ ನಾವು ಏನು ಮಾಡುತ್ತೇವೆ? ಕಾಪಿ ಮಾಡಿ ವಾಟ್ಸ್ಯಾಪ್‌ನಲ್ಲಿ ಕಳಿಸುತ್ತೇವೆ. ಅಥವಾ ಸ್ಕ್ರೀನ್‌ಶಾಟ್. ಬರೆದವರಿಗೆ ಅದರಿಂದ ಒಂದು ಬಾಣವೂ ಸಿಗುವುದಿಲ್ಲ, ಆ ಮಾತು ಯಾವ ಸರ್ಚ್ ಎಂಜಿನ್‌ಗೂ ಕೇಳಿಸುವುದಿಲ್ಲ. ಮತ್ತೆ ಕೂತು ಗೂಗಲ್‌ನಲ್ಲಿ ಕನ್ನಡದ ಒಳ್ಳೆಯ ಪುಟ ಸಿಗುವುದಿಲ್ಲ ಎಂದು ಬೇಸರ ಮಾಡಿಕೊಳ್ಳುತ್ತೇವೆ. ನಿಮ್ಮ ಕಾಗದದಲ್ಲಿ ಅಡುಗೆ ಸೈಟ್ ಎಳೆದ ಒಂದೇ ಒಂದು ಬಾಣ ತೋಟವನ್ನು ಎಷ್ಟು ಮೇಲೆ ತಂದಿತು, ನೋಡಿದಿರಲ್ಲ.

ಅತ್ತಿಗೆಯ ಸೈಟ್‌ನಲ್ಲಿ ಈಗ ನಾವು ಮಾಡುತ್ತಿರುವುದು ಇದೇ. ಪ್ರತಿ ಪುಡಿಯ ಪುಟದಲ್ಲೂ ಮೆಣಸಿನಕಾಯಿ ಎಲ್ಲಿಂದ ಬಂತು, ಯಾರ ಬರಹ ಓದಿ ಹುರಿಯುವ ಹದ ಕಲಿತರು ಎಂದು ಬರೆದು ಆ ಪುಟಕ್ಕೆ ಲಿಂಕ್ ಕೊಡುತ್ತೇವೆ. ನೀವೂ ಇವತ್ತು ನಿಮ್ಮ ಹಳೆಯ ಬರಹ ಒಂದನ್ನು ತೆರೆಯಿರಿ, ಅದರಲ್ಲಿ ನಿಮಗೆ ನೆರವಾದ ಕನ್ನಡ ಪುಟ ಯಾವುದು ಎಂದು ನೆನಪು ಮಾಡಿಕೊಳ್ಳಿ. ಲಿಂಕ್ ಹಾಕುವಾಗ "ಇಲ್ಲಿ ಕ್ಲಿಕ್ ಮಾಡಿ" ಎಂದು ಬರೆಯಬೇಡಿ. "ಅಪ್ಪೆಮಿಡಿ ಉಪ್ಪಿನಕಾಯಿ ಕೆಡದಂತೆ ಇಡುವ ವಿಧಾನ" ಎಂದು, ಆ ಪುಟದಲ್ಲಿ ಏನಿದೆಯೋ ಅದನ್ನೇ ಬರೆದು ಆ ಪದಗಳ ಮೇಲೆ ಲಿಂಕ್ ಕೊಡಿ.